ಎನ್‌ಸಿಸಿ ವಿಚಾರ: ಶನಿವಾರ ಪೋಷಕರ ಸಭೆ

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಗೆ ಎನ್‌ಸಿಸಿ (ಮಕ್ಕಳಿಗೆ ಪರೇಡ್, ರೈಫಲ್ ಎಲ್ಲ ಕಲಿಸುವ ನ್ಯಾಷನಲ್ ಕೆಡೆಟ್ ಕೋರ್) ಬೇಕೋ ಬೇಡವೋ ಅಂತ ನಿನ್ನೆ ರಾತ್ರಿಯಿಂದ ಮೆಸೇಜ್ ಮೇಲೆ ಮೆಸೇಜ್. ಇನ್ನು ಇಲ್ಲಿ ಜಗಳ ಸಾಕು. ಶನಿವಾರ ಸಂಜೆ 4 ಗಂಟೆಗೆ ಶಾಲೆಯಲ್ಲಿ ಕೂತು ಮಾತಾಡೋಣ.

ಯಾರೋ ಹಾಕಿದ ಅಮೆರಿಕದ ವಿಡಿಯೊ ನೋಡಿ ಕೆಲವರು ಗಾಬರಿಯಾಗಿದ್ದಾರೆ. ಅದು ಅಲ್ಲಿನ ಜೆಆರ್‌ಒಟಿಸಿ, ಅಂದರೆ ಹೈಸ್ಕೂಲು ಮಕ್ಕಳಿಗೆ ಅಲ್ಲಿನ ಸೇನೆಯ ಕಡೆಯಿಂದ ಕೊಡುವ ತರಬೇತಿ, 1916ರಲ್ಲಿ ಶುರುವಾದದ್ದು. ಮಕ್ಕಳನ್ನು ಸೇನೆಗೆ ಸೆಳೆಯುವ ದಾರಿ ಅದು ಅಂತ ಅಲ್ಲೇ ತಕರಾರಿದೆ. ನಮ್ಮ ಎನ್‌ಸಿಸಿ 1948ರ ಕಾಯ್ದೆಯಿಂದ ಬಂದದ್ದು. ಸೇರುವುದು ಮಕ್ಕಳ ಇಷ್ಟ. ಸೇರಿದರೂ ಮುಂದೆ ಸೇನೆಗೆ ಹೋಗಲೇಬೇಕು ಅಂತೇನಿಲ್ಲ. ಚೀನಾ ಯುದ್ಧ ಆದ ಮೇಲೆ ಕಾಲೇಜುಗಳಲ್ಲಿ ಕಡ್ಡಾಯ ಮಾಡಿದ್ದರು, 1968ರಲ್ಲಿ ಅದನ್ನೂ ಕೈಬಿಟ್ಟರು. ಪ್ರೌಢಶಾಲೆಯಲ್ಲಿ ಎರಡು ವರ್ಷದ ತರಬೇತಿ, ಆಮೇಲೆ ‘ಎ’ ಸರ್ಟಿಫಿಕೇಟ್ ಪರೀಕ್ಷೆ. ಹೆಣ್ಣುಮಕ್ಕಳಿಗೂ ಅವಕಾಶ ಇದೆ.

ಹಾಗಂತ ಬೇಡ ಅನ್ನುವವರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಹದಿಮೂರರ ಮಗುವಿನ ಕೈಗೆ ರೈಫಲ್ ಯಾಕೆ ಅಂತ ಒಬ್ಬ ತಾಯಿ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ ಅಲ್ವಾ? ನಾನಂತೂ ಎನ್‌ಸಿಸಿ ಪರ. ಆದರೆ ಬೇಡ ಅಂದ ಮಕ್ಕಳಿಗೆ ಸ್ಕೌಟ್ಸ್ ಆಗಲಿ, ಆಟವಾಗಲಿ ಏನಾದರೂ ಇರಬೇಕು. ಇನ್ನೊಂದು, ದಾವಣಗೆರೆ ಬಿಸಿಲಲ್ಲಿ ಮಧ್ಯಾಹ್ನದ ಪರೇಡ್ ಬೇಡವೇ ಬೇಡ. ಬೆಳಿಗ್ಗೆಯೇ ಮುಗಿಯಲಿ. ಈ ಕೆಲಸವನ್ನೂ ನೋಡಿಕೊಳ್ಳುವ ಮೇಷ್ಟ್ರು ಯಾರು ಅನ್ನುವುದೂ ತೀರ್ಮಾನವಾಗಬೇಕು.

ಮಕ್ಕಳನ್ನೂ ಕರೆತನ್ನಿ, ಪರೇಡ್ ಮಾಡೋರು ಅವರೇ ತಾನೇ. ಸಭೆ ಮುಗಿದ ಮೇಲೆ ಮಂಡಕ್ಕಿ, ಮಿರ್ಚಿ ಇದೆ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ, ಮಿರ್ಚಿ ಲೆಕ್ಕಕ್ಕೆ ಬೇಕು.