ತಾಂಡಾದ ಮಕ್ಕಳಿಗೆ ಲೆಕ್ಕ ಬರಲ್ಲ ಅನ್ನಬೇಡಿ

ಸಂಪಾದಕರಿಗೆ ನಮಸ್ಕಾರ.

‘ಆ ಜನದ ಮಕ್ಕಳ ತಲೆಗೆ ಗಣಿತ ಹತ್ತೋದಿಲ್ಲ’ ಅಂತ ಲಂಬಾಣಿ ತಾಂಡಾದ ಮಕ್ಕಳ ಬಗ್ಗೆ ಮೊನ್ನೆ ಒಂದು ಪಾಲಕರ ಸಭೆಯಲ್ಲಿ ಒಬ್ಬರು ಅಂದುಬಿಟ್ಟರು. ಯಾರೂ ಎದುರು ಮಾತಾಡಲಿಲ್ಲ. ನಾನೂ ಸುಮ್ನೆ ಕೂತಿದ್ದೆ. ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ, ಅದಕ್ಕೇ ಈ ಪತ್ರ.

ಗದಗ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ 26 ವರ್ಷ ಪಾಠ ಮಾಡಿದ್ದೇನೆ. ಲಂಬಾಣಿ ಮಕ್ಕಳಲ್ಲಿ ಜಾಸ್ತಿ ಜನ ಲೆಕ್ಕದಲ್ಲಿ ಹಿಂದೆ ಬಿದ್ದದ್ದನ್ನು ನಾನೇ ಕಂಡಿದ್ದೇನೆ. ಆದರೆ ಯಾವಾಗ ಬೀಳುತ್ತಾರೆ ಅಂತ ನೋಡಬೇಕಲ್ವಾ? ದೀಪಾವಳಿ ಮುಗಿದ ಮೇಲೆ ತಾಂಡಾದ ಎಷ್ಟೋ ಮನೆಗಳಿಗೆ ಬೀಗ. ಅಪ್ಪ ಅವ್ವ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಊರಲ್ಲಿ ನೋಡಿಕೊಳ್ಳೋಕೆ ಅಜ್ಜಿ ಇಲ್ಲದಿದ್ದರೆ ಮಕ್ಕಳೂ ಅವರ ಹಿಂದೆಯೇ ಹೊರಡುತ್ತವೆ. ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ನಲಿ-ಕಲಿ ಪದ್ಧತಿ ಇರುವ ಮೂರನೇ ತರಗತಿಯವರೆಗೆ ಪರವಾಗಿಲ್ಲ, ತಿರುಗಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದ ಮತ್ತೆ ಹತ್ತಬಹುದು. ನಾಲ್ಕಕ್ಕೆ ಬಂದರೆ ಆ ಏಣಿ ಇಲ್ಲ. ಮಗು ಗೋವಾದಲ್ಲಿದ್ದಾಗ ಇಲ್ಲಿ ಭಾಗಾಕಾರ ಮುಗಿದಿರುತ್ತದೆ, ಯುಗಾದಿಗೆ ಬಂದರೆ ವರ್ಷವೇ ಮುಗಿಯಿತು, ಜೂನ್‌ಗೆ ಐದನೇ ತರಗತಿ. 612ನ್ನು 6ರಿಂದ ಭಾಗಿಸು ಅಂದರೆ 12 ಅಂತ ಬರೆಯುತ್ತದೆ. ನಡುವೆ ಸೊನ್ನೆ ಇಡಬೇಕು ಅಂತ ಹೇಳಿಕೊಟ್ಟ ದಿನ ಅದು ಶಾಲೆಯಲ್ಲೇ ಇರಲಿಲ್ಲ.

ಭಾಷೆಯದೂ ಒಂದು ಕಥೆ. ಮನೆಯಲ್ಲಿ ಏಕ್, ದಿ, ತೀನ್ ಅಂತ ಎಣಿಸುವ ಮಗುವಿಗೆ ಒಂದು, ಎರಡು, ಮೂರು ಹೊಸ ಮಾತು. ಇದು ನನಗೆ ಬಹಳ ವರ್ಷ ಹೊಳೆದೇ ಇರಲಿಲ್ಲ. ಒಂದು ಸಲ ಶಾಲೆಯ ಕಾಂಪೌಂಡಿಗೆ ತಂದು ಒಟ್ಟಿದ್ದ ಇಟ್ಟಂಗಿಯನ್ನು ಒಬ್ಬ ಹುಡುಗಿ ತನ್ನ ಮಾತಿನಲ್ಲಿ ನೂರರ ತನಕ ತಪ್ಪಿಲ್ಲದೆ ಎಣಿಸಿದಳು. ಕನ್ನಡದಲ್ಲಿ ಎಣಿಸು ಅಂದರೆ ಇಪ್ಪತ್ತಕ್ಕೇ ನಿಂತಳು. ನಾನು ಅವಳಿಗೆ ಲೆಕ್ಕ ಬರಲ್ಲ ಅಂದುಕೊಂಡಿದ್ದೆ!

ಅಮೆರಿಕದಲ್ಲೂ ಈ ವಾದ ಹಳೆಯದು. ಅಲ್ಲಿ ನಾಲ್ಕನೇ ತರಗತಿಗೆ ರಾಷ್ಟ್ರಮಟ್ಟದ ಗಣಿತ ಪರೀಕ್ಷೆ ಇದೆ, 500ರ ಅಳತೆ. 2019ರಲ್ಲಿ ಬಿಳಿಯ ಮಕ್ಕಳ ಸರಾಸರಿ 249, ಕಪ್ಪು ಮಕ್ಕಳದು 224. 2022ಕ್ಕೆ ಅದು 246 ಮತ್ತು 217 ಆಯಿತು, ಅಂದರೆ 25 ಇದ್ದ ಅಂತರ 29. ಮಧ್ಯದಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದ್ದವು. ಮೂರೇ ವರ್ಷದಲ್ಲಿ ಯಾವ ಜನಾಂಗದ ತಲೆಯೂ ಬದಲಾಗಲ್ಲ, ಬದಲಾದದ್ದು ಮಕ್ಕಳಿಗೆ ಸಿಕ್ಕ ಪಾಠ.

ಶಿಕ್ಷಣ ಇಲಾಖೆಯವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಗುಳೆ ಹೋಗಿ ಬಂದ ಮಕ್ಕಳ ಪಟ್ಟಿ ಹಾಜರಿ ಪುಸ್ತಕದಲ್ಲೇ ಸಿಗುತ್ತದೆ. ಜೂನ್ ತಿಂಗಳು ಪೂರ್ತಿ ಅವರಿಗೆ ಬಿಟ್ಟುಹೋದ ಲೆಕ್ಕ ಮಾತ್ರ ಕಲಿಸಿ, ಹೊಸ ಪಾಠ ಬೇಡ. ತಾಂಡಾದಲ್ಲಿ ಪಿಯುಸಿ ಓದಿದ ಹುಡುಗ ಹುಡುಗಿಯರು ಇದ್ದಾರೆ, ಒಂದನೇ ತರಗತಿಗೆ ಅವರಲ್ಲಿ ಒಬ್ಬರನ್ನು ಗೌರವಧನ ಕೊಟ್ಟು ಕರೆಯಿರಿ. ಎರಡೂ ಭಾಷೆಯಲ್ಲಿ ಎಣಿಸಲಿ.

– ನಿವೃತ್ತ ಶಿಕ್ಷಕಿ, ಗದಗ