ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣ ಇನ್ನು 14 ದಿನವಲ್ಲ, 17 ದಿನ: ನಮ್ಮ ಗ್ರಾಹಕರಿಗೆ ಪತ್ರ

ಚಿಕ್ಕಬಳ್ಳಾಪುರ

ಆತ್ಮೀಯರೇ, ನಮಸ್ಕಾರ.

ಈ ಅಕ್ಟೋಬರ್‌ನ ನೇಪಾಳ ಚಾರಣಕ್ಕೆ ಮುಂಗಡ ಕಟ್ಟಿರುವವರಿಗೂ, ಕಟ್ಟೋಣವೇ ಬೇಡವೇ ಎಂದು ಲೆಕ್ಕ ಹಾಕುತ್ತಿರುವವರಿಗೂ ಈ ಪತ್ರ. ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ. ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣ ಇನ್ನು ಮುಂದೆ 17 ದಿನದ್ದು. ದರ ತಲಾ 18,500 ರೂಪಾಯಿ ಏರಿದೆ. ತಂಡದಲ್ಲಿ ಹನ್ನೆರಡರ ಬದಲು ಎಂಟೇ ಜನ. ಕಾರಣವನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು, ಏಕೆಂದರೆ ಅದರಲ್ಲಿ ನಮ್ಮ ತಪ್ಪೂ ಇದೆ.

ಹೋದ ವರ್ಷದ ತಂಡದಲ್ಲಿದ್ದವರಿಗೆ ಈ ಕಥೆ ಗೊತ್ತು. ಸೀಸನ್ ಹೊತ್ತಿನಲ್ಲಿ, ಚಾರಣ ಶುರುವಾಗುವ ಲುಕ್ಲಾಕ್ಕೆ ಹೋಗುವ ವಿಮಾನಗಳು ಹೆಚ್ಚಾಗಿ ಕಠ್ಮಂಡುವಿನಿಂದ ಹೊರಡುವುದಿಲ್ಲ. ಅಲ್ಲಿಂದ ಸುಮಾರು 130 ಕಿಲೋಮೀಟರ್ ದೂರದ ರಾಮೆಛಾಪ್ ಜಿಲ್ಲೆಯ ಮಂಥಲಿಗೆ ಹೋಗಬೇಕು. ನಡುರಾತ್ರಿ ವ್ಯಾನ್ ಹತ್ತಿ, ತಿರುವುಗಳಲ್ಲಿ ಹೊಟ್ಟೆ ಹಿಡಿದುಕೊಂಡು ಕೂತರೆ ಬೆಳಕು ಹರಿಯುವ ಹೊತ್ತಿಗೆ ಆ ಪುಟ್ಟ ನಿಲ್ದಾಣ. ಹಾರಾಟ ಇಪ್ಪತ್ತೇ ನಿಮಿಷದ್ದು. ಆದರೆ ಲುಕ್ಲಾದ ರನ್‌ವೇ 527 ಮೀಟರ್ ಅಷ್ಟೆ, ಅದೂ ಇಳಿಜಾರು; ಒಂದು ತುದಿಗೆ ಗುಡ್ಡ, ಇನ್ನೊಂದು ತುದಿಗೆ ಪ್ರಪಾತ. ಮೋಡ ಕವಿದರೆ ವಿಮಾನ ಏಳುವುದಿಲ್ಲ, ಏಳಲೂ ಬಾರದು. ನಮ್ಮ ತಂಡ ಮಂಥಲಿಯಲ್ಲಿ ಟೀ ಮೇಲೆ ಟೀ ಕುಡಿಯುತ್ತಾ ಒಂದಿಡೀ ದಿನ ಕಳೆಯಿತು.

ನಮ್ಮ 14 ದಿನದ ಪಟ್ಟಿಯಲ್ಲಿ ಹೆಚ್ಚುವರಿ ದಿನ ಒಂದೂ ಇರಲಿಲ್ಲ. ವಾಪಸ್ ಟಿಕೆಟ್ ಬುಕ್ ಆಗಿತ್ತು. ಹೋದ ದಿನವನ್ನು ಎಲ್ಲಿಂದಾದರೂ ತರಬೇಕಿತ್ತು, ದಾರಿಯ ಡಿಂಗ್‌ಬೋಚೆ ಹಳ್ಳಿಯಲ್ಲಿ ದೇಹ ಎತ್ತರಕ್ಕೆ ಒಗ್ಗಿಕೊಳ್ಳಲೆಂದು ಇಟ್ಟಿದ್ದ ದಿನವನ್ನು ಕತ್ತರಿಸಿದೆವು. ಹಾಗೆ ಮಾಡಬೇಡಿ ಎಂದು ಗೈಡ್ ಅಂದರು, ಎರಡು ಸಲ ಅಂದರು. ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ, ನಡೆಯಿರಿ ಅಂದವರು ನಾವು.

ಮಾರನೆಯ ಸಂಜೆ ಲೊಬುಚೆಯ ಲಾಡ್ಜ್‌ನಲ್ಲಿ, 4,940 ಮೀಟರ್ ಎತ್ತರದಲ್ಲಿ, ತಂಡದ ಒಬ್ಬ ನಿವೃತ್ತ ಮೇಷ್ಟ್ರು ಬೂಟಿನ ದಾರ ಬಿಚ್ಚಲು ಕೂತರು. ಹತ್ತು ನಿಮಿಷವಾದರೂ ದಾರ ಬಿಚ್ಚಲಿಲ್ಲ. ಬೆರಳಿಗೆ ಸಿಕ್ಕಿದ ದಾರವನ್ನು ನೋಡುತ್ತಾ ನಗುತ್ತಿದ್ದರು. ತಲೆನೋವೇ ಸಾರ್ ಎಂದರೆ, ಇಲ್ಲಪ್ಪ, ಶಿಡ್ಲಘಟ್ಟದ ಬಸ್ಸು ಹೋಯಿತೋ ನೋಡು ಅಂದರು. ಪಕ್ಕದಲ್ಲಿದ್ದ ಹುಡುಗರು ತಮಾಷೆ ಎಂದುಕೊಂಡು ನಕ್ಕರು. ಗೈಡ್ ನಗಲಿಲ್ಲ. ಅವರನ್ನು ಎಬ್ಬಿಸಿ, ನೆಲದ ಹಲಗೆಯ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಾಲ್ಕು ಹೆಜ್ಜೆ ನಡೆಯಲು ಹೇಳಿದರು. ಎರಡನೇ ಹೆಜ್ಜೆಗೇ ಮೇಷ್ಟ್ರು ಗೋಡೆ ಹಿಡಿದರು.

ಎತ್ತರದ ಕಾಯಿಲೆ ಮಿದುಳಿಗೆ ಏರುವುದರ ಗುರುತು ಅದು. ಅದಕ್ಕೆ ಬೆಳಗಾಗುವವರೆಗೆ ಕಾಯುವ ಮಾತೇ ಇಲ್ಲ, ಇಳಿಸಬೇಕು. ಔಷಧಿ, ಆಮ್ಲಜನಕ ಎಲ್ಲ ಇಳಿಯುವುದಕ್ಕೆ ಒತ್ತಾಸೆ ಅಷ್ಟೆ. ಹೆಡ್‌ಲೈಟ್ ಬೆಳಕಿನಲ್ಲಿ ಗೈಡ್ ಮತ್ತು ಇಬ್ಬರು ಪೋರ್ಟರ್‌ಗಳು ಅವರನ್ನು ಸುಮಾರು ಆರುನೂರು ಮೀಟರ್ ಕೆಳಗಿನ ಫೆರಿಚೆಗೆ ನಡೆಸಿಕೊಂಡೂ ಹೊತ್ತುಕೊಂಡೂ ತಲುಪಿಸಿದರು. ಅಲ್ಲಿನ ಚಿಕಿತ್ಸಾ ಕೇಂದ್ರದಲ್ಲಿ ಬೆಳಗಿನ ಜಾವ ಮೇಷ್ಟ್ರು ತಮ್ಮ ಹೆಸರು, ಊರು ಸರಿಯಾಗಿ ಹೇಳಿದರು. ಈಗ ಆರೋಗ್ಯವಾಗಿದ್ದಾರೆ.

ಗಟ್ಟಿಮುಟ್ಟು ಅನ್ನುವ ಮಾತಿಗೆ ಇಲ್ಲಿ ಬೆಲೆ ಕಡಿಮೆ. ನಂದಿ ಬೆಟ್ಟ 1,478 ಮೀಟರ್. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930ರ ಆಸುಪಾಸು. ಲುಕ್ಲಾದಲ್ಲಿ ವಿಮಾನದಿಂದ ಕಾಲು ಕೆಳಗಿಡುವಾಗಲೇ ನೀವು 2,800 ಮೀಟರ್ ದಾಟಿರುತ್ತೀರಿ. ಬೇಸ್ ಕ್ಯಾಂಪ್ ಇರುವುದು 5,364ರಲ್ಲಿ. ಅಲ್ಲಿ ಗಾಳಿಯ ಒತ್ತಡವೇ ಅರ್ಧಕ್ಕೆ ಇಳಿದಿರುವುದರಿಂದ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಅದಕ್ಕೆ ದೇಹ ಒಗ್ಗುವುದು ದಿನಗಳಿಂದ, ತೊಡೆಯ ಬಲದಿಂದಲ್ಲ. ಜಿಮ್‌ಗೆ ಹೋಗುವ ಹುಡುಗರು ಬೇಗ ಹತ್ತಿ ಬೇಗ ಮಲಗಿದ್ದನ್ನೂ ಕಂಡಿದ್ದೇವೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ಒಂದು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ನಿಲ್ಲಬೇಕು ಎನ್ನುವುದು ವೈದ್ಯರ ಲೆಕ್ಕ. ಡಿಂಗ್‌ಬೋಚೆ 4,410, ಲೊಬುಚೆ 4,940. ಕಳೆದು ನೋಡಿ. ನಮ್ಮ ಹಳೆಯ ಪಟ್ಟಿ ಕಾಗದದ ಮೇಲೂ ಅಂಚಿನಲ್ಲೇ ಇತ್ತು.

ಈಗ ಸೇರಿಸಿರುವ ಮೂರು ದಿನಗಳಲ್ಲಿ ಒಂದು ಆ ಎರಡರ ನಡುವಿನ ಥುಕ್ಲಾದಲ್ಲಿ. ಅದೊಂದು ಬಡ ಜಾಗ, ಒಂದೆರಡು ಲಾಡ್ಜ್ ಬಿಟ್ಟರೆ ಗಾಳಿ ಮತ್ತು ಕಲ್ಲು. ನೋಡಲು ಏನೂ ಇಲ್ಲವೆಂದು ದೂರಬೇಡಿ, ನಿಮ್ಮನ್ನು ಅಲ್ಲಿ ನಿಲ್ಲಿಸುವುದು ನೋಡುವುದಕ್ಕಲ್ಲ. ಉಳಿದ ಎರಡು ದಿನ ಮೋಡಕ್ಕೆ ಮೀಸಲು. ಮೋಡ ಮುನಿಯದಿದ್ದರೆ ಆ ದಿನಗಳು ಕಠ್ಮಂಡು, ಭಕ್ತಪುರದಲ್ಲಿ; ಊಟ ವಸತಿ ನಮ್ಮದೇ. ದಾರಿಯ ಊರುಗಳಾದ ನಾಮ್ಚೆ ಮತ್ತು ಡಿಂಗ್‌ಬೋಚೆಯ ಒಗ್ಗುವ ದಿನಗಳನ್ನು ಇನ್ನು ಯಾರೂ ಮುಟ್ಟುವಂತಿಲ್ಲ, ನಾವೂ ಸಹ. ಆ ದಿನಗಳಲ್ಲಿ ಕಂಬಳಿ ಹೊದ್ದು ಮಲಗುವುದಲ್ಲ, ಸ್ವಲ್ಪ ಮೇಲೆ ಹತ್ತಿ ಸಂಜೆಗೆ ಇಳಿದು ಬಂದು ಮಲಗುವುದು.

ಮೇಲೆ ಹೋಗಬೇಕೋ ಬೇಡವೋ ಎನ್ನುವುದು ಇನ್ನು ಗೈಡ್ ಮಾತು. ಇಳಿಯಿರಿ ಎಂದರೆ ಇಳಿಯಬೇಕು, ದುಡ್ಡು ಕಟ್ಟಿದ್ದೇನೆ ಎನ್ನುವ ವಾದ ನಡೆಯುವುದಿಲ್ಲ. ಬೇಸ್ ಕ್ಯಾಂಪ್ ಮುಟ್ಟಿಸುತ್ತೇವೆಂದು ನಾವು ಮಾತು ಕೊಡುವುದಿಲ್ಲ. ಎಂಟು ಜನಕ್ಕೆ ಇಬ್ಬರು ಗೈಡ್‌ಗಳಿರುವುದೂ ಇದಕ್ಕೇ, ಒಬ್ಬರನ್ನು ಕೆಳಗಿಳಿಸಲು ಒಬ್ಬರು ಹೊರಟರೆ ಉಳಿದವರು ಅನಾಥರಾಗಬಾರದು.

ಏರಿದ ಹಣ ಎಲ್ಲಿಗೆ ಹೋಗುತ್ತದೆಂದು ಕೇಳುವ ಹಕ್ಕು ನಿಮಗಿದೆ. ಹೆಚ್ಚಿನ ದಿನಗಳ ಊಟ ವಸತಿ, ಎರಡನೇ ಗೈಡ್‌ನ ಸಂಬಳ, ಪೋರ್ಟರ್‌ಗಳ ಹೆಚ್ಚುವರಿ ಕೂಲಿ ಮತ್ತು ಅವರ ವಿಮೆ, ದಿನಾಂಕ ಬದಲಿಸಬಹುದಾದ ವಾಪಸ್ ಟಿಕೆಟ್. ಮುಂಗಡ ಕಟ್ಟಿದವರಿಗೆ ಏರಿಕೆಯ ಅರ್ಧ ನಾವೇ ಭರಿಸುತ್ತೇವೆ. ಬೇಡವೆನಿಸಿದವರು ಗೌರಿ-ಗಣೇಶ ಹಬ್ಬದೊಳಗೆ ತಿಳಿಸಿದರೆ ಪೂರ್ತಿ ಮುಂಗಡ ವಾಪಸ್. ಮುಖ ನೋಡಿ ಸಂಕೋಚಪಡಬೇಡಿ. ಹದಿನೇಳು ದಿನ ರಜೆ ಸಿಗುವುದು, ಇಲ್ಲವೇ ದ್ರಾಕ್ಷಿ ತೋಟ ಬಿಟ್ಟು ಬರುವುದು ಎಷ್ಟು ಕಷ್ಟವೆಂದು ನಮಗೆ ಗೊತ್ತಿದೆ.

ಬರುವವರಿಗೆ ಕೆಲವು ಮಾತು. ವಿಮೆಯ ಕಾಗದದಲ್ಲಿ ಎತ್ತರದ ಮಿತಿ ಎಷ್ಟೆಂದು ಓದಿ. 6,000 ಮೀಟರ್‌ವರೆಗಿನ ಚಾರಣ ಮತ್ತು ಹೆಲಿಕಾಪ್ಟರ್ ಎರಡೂ ಅದರಲ್ಲಿರಬೇಕು. ನೇಪಾಳಕ್ಕೆ ನಮಗೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಬೇಕೇ ಬೇಕು. ಒಬ್ಬರು ಆಧಾರ್ ಹಿಡಿದು ದೇವನಹಳ್ಳಿಗೆ ಬಂದು, ಹೆಂಡತಿ ಮನೆಯಿಂದ ಸ್ಕೂಟರ್‌ನಲ್ಲಿ ಪಾಸ್‌ಪೋರ್ಟ್ ತಂದುಕೊಟ್ಟ ಮೇಲೆ ಒಳಗೆ ಹೋದರು. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ನಿಮ್ಮ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ಹೇಳಿ. ಮಾತ್ರೆ ಇದೆಯೆಂದು ದಿನ ಉಳಿಸಲಾಗದು. ಲುಕ್ಲಾ ವಿಮಾನದಲ್ಲಿ ಸಾಮಾನು ಒಟ್ಟು 15 ಕಿಲೋ, ಅದರಲ್ಲಿ ಒಂದು ಕಿಲೋ ರಾಗಿ ಹುರಿಹಿಟ್ಟಿಗೆ ಬಿಡಿ. 4,000 ಮೀಟರ್ ಮೇಲೆ ಹಸಿವೇ ಸಾಯುತ್ತದೆ. ದಾಲ್‌ಭಾತ್ ತಟ್ಟೆ ದೂರ ತಳ್ಳಿದವರೂ ಬಿಸಿ ಹಾಲಿಗೆ ಹುರಿಹಿಟ್ಟು, ಬೆಲ್ಲ ಕಲಸಿಕೊಟ್ಟರೆ ಕುಡಿಯುತ್ತಾರೆ. ಅಲ್ಲಿನ ಶೆರ್ಪಾಗಳ ತ್ಸಂಪಾ ಕೂಡ ಹುರಿದ ಬಾರ್ಲಿಯ ಹಿಟ್ಟೇ. ಲಾಡ್ಜಿನ ಅಜ್ಜಿಯೊಬ್ಬರು ನಮ್ಮದನ್ನು ನಾಲಿಗೆಗೆ ಹಚ್ಚಿ, ತಲೆಯಾಡಿಸಿ, ಅರ್ಧ ಡಬ್ಬ ಇಟ್ಟುಕೊಂಡರು.

ಬರುವ ಭಾನುವಾರ ಬೆಳಗ್ಗೆ ಆರಕ್ಕೆ ಸುಲ್ತಾನ್‌ಪೇಟೆ ಕಡೆಯಿಂದ ನಂದಿ ಮೆಟ್ಟಿಲು ಹತ್ತುತ್ತೇವೆ. ಈ ಬದಲಾವಣೆಯ ಬಗ್ಗೆ ಕೇಳುವುದೇನಿದ್ದರೂ ಅಲ್ಲೇ ಕೇಳಬಹುದು. ಮೇಷ್ಟ್ರು ಈ ಸಲ ನೇಪಾಳಕ್ಕಿಲ್ಲ, ಮನೆಯಲ್ಲಿ ಬಿಡುತ್ತಿಲ್ಲ. ಆದರೆ ಭಾನುವಾರ ಮೆಟ್ಟಿಲಿಗೆ ಬರುತ್ತಾರೆ. ಲೊಬುಚೆಯ ವಿಷಯ ನಮಗಿಂತ ಅವರನ್ನೇ ಕೇಳಿ, ಶಿಡ್ಲಘಟ್ಟದ ಬಸ್ಸು ಮಾತ್ರ ತಮಗೆ ನೆನಪಿಲ್ಲ ಎನ್ನುತ್ತಾರೆ.

ನಿಮ್ಮ ಚಾರಣ ಬಳಗದ ಪರವಾಗಿ