ಬೆಕ್ಕಿನ ಊಟದ ಪೌಚ್ ಮೇಲೆ ಕ್ಯಾಲೊರಿ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ನಮ್ಮ ಮನೆಯ ಬೆಕ್ಕಿಗೆ ಈಗ 12 ವರ್ಷ, ತೂಕ ಆರೂವರೆ ಕೆ.ಜಿ. ಕಿಟಕಿ ಕಟ್ಟೆ ಹತ್ತಲು ಹೊರಟು ಕೆಳಗೇ ನಿಂತು ನನ್ನ ಮುಖ ನೋಡುತ್ತದೆ, ಎತ್ತಿ ಕೂರಿಸಬೇಕು. ಕೊಬ್ಬು ಕಡಿಮೆ ಇರುವ ವೆಟ್ ಫುಡ್ (ಪೌಚ್‌ನಲ್ಲಿ ಬರುವ ಹಸಿ ಊಟ) ಕೊಡಿ ಎಂದರು ಡಾಕ್ಟರು.

ಅಂಗಡಿಯಲ್ಲಿ ಪೌಚ್ ಮೇಲೆ ಕೊಬ್ಬು ಶೇ 3 ಅಂತಿತ್ತು, ಒಣ ಆಹಾರದ ಚೀಲದ ಮೇಲೆ ಶೇ 12. ಮೂರೇ ಕಡಿಮೆ ಅಲ್ವಾ? ಆದರೆ ಪೌಚ್‌ನಲ್ಲಿ ಶೇ 80 ನೀರು, ಅದನ್ನು ಬಿಟ್ಟು ಉಳಿಯುವ 20ರಲ್ಲಿ 3 ಅಂದರೆ ಕೊಬ್ಬು ಶೇ 15 ಆಯಿತು! ಒಣ ಆಹಾರದಲ್ಲಿ ನೀರು ಶೇ 10, ಅದೇ ಲೆಕ್ಕದಲ್ಲಿ ಕೊಬ್ಬು ಸುಮಾರು 13. ಹಾಗಂತ ವೆಟ್ ಫುಡ್ ಬೇಡ ಎನ್ನುತ್ತಿಲ್ಲ. ನೀರು ಜಾಸ್ತಿ ಇರುವುದರಿಂದ ಕಡಿಮೆ ಕ್ಯಾಲೊರಿಯಲ್ಲೇ ಹೊಟ್ಟೆ ತುಂಬುತ್ತದೆ. ಆದರೆ ಕೊಬ್ಬು ಹೋಲಿಸುವಾಗ ನೀರು ಕಳೆದು ನೋಡಬೇಕು.

ಅದರಲ್ಲೂ 'ಕೊಬ್ಬು ಕನಿಷ್ಠ' ಇಷ್ಟು ಅಂತ ಬರೆದಿರುತ್ತಾರೆ, ಗರಿಷ್ಠ ಎಷ್ಟು ಅಂತ ಇಲ್ಲ. ನಾನು ತಿರುಗಿಸಿ ನೋಡಿದ ಎಷ್ಟೋ ಪೌಚ್‌ಗಳಲ್ಲಿ ಕ್ಯಾಲೊರಿಯೂ ಇರಲಿಲ್ಲ. ಕಂಪನಿಗಳು ಇವೆರಡನ್ನೂ ದೊಡ್ಡ ಅಕ್ಷರದಲ್ಲಿ ಹಾಕಲಿ, ಸರ್ಕಾರ ಅದನ್ನು ಕಡ್ಡಾಯ ಮಾಡಲಿ.

ಬೆಕ್ಕು ಸಾಕಿದವರಿಗೆ ಒಂದು ಮಾತು. ಸಣ್ಣಗಾಗಲಿ ಅಂತ ಸುಮ್ನೆ ಊಟ ನಿಲ್ಲಿಸಬೇಡಿ. ದಪ್ಪ ಬೆಕ್ಕು ಕೆಲವು ದಿನ ತಿನ್ನದಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು ಬರುತ್ತದೆ. ವಾರಕ್ಕೆ ತೂಕ ಶೇ 1ರಷ್ಟು ಇಳಿದರೂ ಸಾಕು. ವಯಸ್ಸಾದ ಬೆಕ್ಕಾದರೆ ಊಟ ಬದಲಿಸುವ ಮುಂಚೆ ಕಿಡ್ನಿ ಪರೀಕ್ಷೆಯನ್ನೂ ಮಾಡಿಸಿ.

– ಓದುಗರೊಬ್ಬರು, ಮೈಸೂರು